‘ಯೋಚನೆ ಮಾಡಿ ಬರ್ತೀವಿ’

ಸಾಗರ ಸೀಮೆಯ ನಮ್ಮ ದೀವರ ಮನೆಗಳಲ್ಲಿ ಮದುವೆ ಅಂದರೆ ಗೋಡೆಗೆ ಹಸೆ ಚಿತ್ತಾರ ಬರೆಯಲೇಬೇಕು. ಕೆಮ್ಮಣ್ಣು ಬಳಿದ ಗೋಡೆ, ನೆನೆಸಿದ ಅಕ್ಕಿ ಅರೆದ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚವೂ ಪುಂಡಿ ನಾರಿನದೇ. ನನಗೆ ಕಲಿಸಿದವರು ನಮ್ಮತ್ತೆ. ಇದಕ್ಕೂ ಬೆಲೆ ಕಟ್ಟುವ ದಿನ ಬರುತ್ತದೆಂದು ನಾವಿಬ್ಬರೂ ಅಂದುಕೊಂಡಿರಲಿಲ್ಲ.

ಮಗಳ ಒತ್ತಾಯಕ್ಕೆ ಹಲಗೆಗಳ ಮೇಲೆ ಏಳು ಚಿತ್ತಾರ ಬರೆದು ಬೆಂಗಳೂರಿನ ಚಿತ್ರಸಂತೆಗೆ ಹೋದೆ. ಚಿತ್ರಕಲಾ ಪರಿಷತ್ತು ೨೦೦೩ರಲ್ಲಿ ಶುರುಮಾಡಿದ ಸಂತೆ. ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯ ಉದ್ದಕ್ಕೂ ಚಿತ್ರಗಳೇ ಚಿತ್ರಗಳು. ‘ಗೋಡೆಗೆ ಬರೆಯೋದನ್ನ ದುಡ್ಡು ಕೊಟ್ಟು ಯಾರು ತಗೋತಾರೆ ಮಾರಾಯ್ತಿ’ ಎನ್ನುತ್ತಲೇ ನಮ್ಮವರು ಬಸ್ಸು ಹತ್ತಿಸಿದ್ದರು. ಬಸ್ಸಿನ ಖರ್ಚು ನಾನು ಅಡಿಕೆ ಸುಲಿದು ಕೂಡಿಟ್ಟದ್ದು. ಬರಿಗೈಲಿ ವಾಪಸು ಹೋದರೆ ಅವರ ಮಾತೇ ನಿಜವಾಗುತ್ತಿತ್ತು!

ಹತ್ತು ಗಂಟೆಗೆ ಒಬ್ಬ ಹೆಂಗಸು ದೊಡ್ಡ ಚಿತ್ತಾರವನ್ನು ಬಹಳ ಹೊತ್ತು ನೋಡಿದರು. ಬೆಲೆ ₹೨,೫೦೦ ಅಂದೆ. ‘ಯೋಚನೆ ಮಾಡಿ ಬರ್ತೀವಿ’ ಎಂದು ಹೊರಟೇಬಿಟ್ಟರು. ನನಗೆ ಎದೆ ಧಸಕ್ಕೆಂದಿತು. ಹಿಂದಿನಿಂದ ಕೂಗಿದೆ: ‘ಅಮ್ಮಾ, ಸಾವಿರಕ್ಕೆ ಕೊಡ್ತೀನಿ ಬನ್ನಿ!’ ಅವರು ತಿರುಗಿ ನೋಡಿ, ‘ಹಾಗಾದ್ರೆ ಮೊದಲು ಹೇಳಿದ್ದು ಸುಳ್ಳು ಬೆಲೆನಾ?’ ಅಂದರು. ಹೋಗಿಯೇ ಹೋದರು. ಅವರು ಚೌಕಾಶಿಯನ್ನೇ ಮಾಡಿರಲಿಲ್ಲ ನೋಡಿ. ಎಂಟು ದಿನ ಮಧ್ಯಾಹ್ನ ನಿದ್ದೆಗೆಟ್ಟು ಬರೆದದ್ದನ್ನು ನಾನೇ ಸಾವಿರಕ್ಕೆ ಇಳಿಸಿದ್ದೆ. ಅವಮಾನವಾಗಿ ಊಟವೂ ಸೇರಲಿಲ್ಲ.

ಮಧ್ಯಾಹ್ನ ಗಂಡ ಹೆಂಡತಿ ಬಂದರು. ಆಕೆಗೆ ಆಸೆ, ಆತನಿಗೆ ಅನುಮಾನ. ಈ ಸಲ ಬಾಯಿ ಬಿಗಿಹಿಡಿದೆ. ಆಮೇಲೆ ಮೆಲ್ಲಗೆ, ‘ಮನೇಲಿ ಎಲ್ಲಿ ಹಾಕಬೇಕು ಅಂತಿದ್ದೀರಿ?’ ಎಂದು ಕೇಳಿದೆ. ಆಗ ವಿಷಯ ಹೊರಬಿತ್ತು. ಆತನ ಚಿಂತೆ ದುಡ್ಡಿನದಲ್ಲ, ಮಣ್ಣಿನ ಬಣ್ಣ ಉದುರಿಹೋದರೆ ಎಂಬುದು! ಇದ್ದದ್ದನ್ನೇ ಹೇಳಿದೆ: ನೀರು ತಾಗಿದರೆ ಕೆಡುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಥಂಡಿ ಹಿಡಿಯುವ ಗೋಡೆಗೆ ಬೇಡ, ಗಾಜು ಹಾಕಿಸಿದರೆ ಒಳ್ಳೆಯದು.

‘ಇಲ್ಲೊಂದು ಗೆರೆ ಸೊಟ್ಟ ಇದೆಯಲ್ಲಾ?’ ಅಂದರು ಆಕೆ.

‘ಹೌದಮ್ಮಾ. ಆಗ ಒಲೆ ಮೇಲೆ ಹಾಲು ಉಕ್ಕಿತು.’

ಆಕೆ ನಕ್ಕರು. ಆದರೂ ‘ಒಂದು ಸುತ್ತು ಹಾಕಿ ಬರ್ತೀವಿ’ ಎಂದೇ ಹೋದರು. ಕೂಗಬೇಕೆಂದು ನಾಲಿಗೆ ತುದಿಗೆ ಬಂತು, ಕೂಗಲಿಲ್ಲ. ಐದೂವರೆಗೆ ಬಂದು, ಹೇಳಿದಷ್ಟೇ ಕೊಟ್ಟು, ಆ ಸೊಟ್ಟ ಗೆರೆಯದನ್ನೇ ಒಯ್ದರು.

ಏಳರಲ್ಲಿ ಮೂರು ಹೋದವು. ಬೆಳಗ್ಗೆ ಆ ಹೆಂಗಸು ನೋಡಿದ ದೊಡ್ಡ ಚಿತ್ತಾರ ಈಗಲೂ ನಮ್ಮ ಟ್ರಂಕಿನಲ್ಲಿದೆ. ಚೀಟಿಯಲ್ಲಿ ₹೨,೫೦೦ ಎಂದೇ ಇದೆ.