ಬಾಡಿಗೆಗಿರುವ ವಿಂಡೋಸ್

ಬಳ್ಳಾರಿಯಲ್ಲಿ ಮದುವೆ ಕಾರ್ಡ್ ಮಾಡುವವನಿಗೆ ಎರಡು ಲಿಪಿ ಬರಲೇಬೇಕು. 1953ರ ಅಕ್ಟೋಬರ್ 1ರಂದು ನಮ್ಮನ್ನು ಮೈಸೂರಿಗೆ ಸೇರಿಸಿದಾಗ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ತಾಲ್ಲೂಕು ಹೋದವು, ಬೀಗತನ ಉಳಿಯಿತು. ಹಾಗಾಗಿ ಬ್ರೂಸ್‌ಪೇಟೆಯ ನನ್ನ ಡಿಟಿಪಿ ಅಂಗಡಿಗೆ ಬರುವ ಬೀಗರು ಇವತ್ತಿಗೂ ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ತೆಲುಗು ಕೇಳುತ್ತಾರೆ. ಪೇಟೆಯ ಹೆಸರು ಮಾತ್ರ ಇಂಗ್ಲಿಷಿನವನದು. ಅವನ ಲಗ್ನಪತ್ರಿಕೆ ಎಲ್ಲಿ ಅಚ್ಚಾಯಿತೋ!

ಕನ್ನಡಕ್ಕೆ ಗಣಕ ಪರಿಷತ್ತಿನ ನುಡಿ, ತೆಲುಗಿಗೆ ಅನು, ಪುಟ ಕಟ್ಟಲು ಪೇಜ್‌ಮೇಕರ್. ಪೇಜ್‌ಮೇಕರಿನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅಡೋಬಿಯವರು ಇನ್‌ಡಿಸೈನ್ ಕಡೆ ಹೊರಟುಹೋದರು, ನಮ್ಮ ಗಲ್ಲಿ ಹೋಗಲಿಲ್ಲ. ಈ ಮೂರಕ್ಕೂ ವಿಂಡೋಸೇ ಬೇಕು. ನುಡಿಯ ಹಳೆಯ ಫಾಂಟಿನಲ್ಲಿ ಕೂಡಿಸಿದ ಕಾರ್ಡನ್ನು ಆ ಫಾಂಟಿಲ್ಲದ ಕಡೆ ತೆರೆದರೆ ವರನ ಹೆಸರು, ಕುಲದೇವರ ಹೆಸರು ಎಲ್ಲ ಇಂಗ್ಲಿಷ್ ಅಕ್ಷರ, ಚುಕ್ಕೆ, ಗೀಟುಗಳ ಕಲಸುಮೇಲೋಗರ.

ಅಷ್ಟಾದರೂ ನಾನು ಲಿನಕ್ಸಿಗೆ ಬಂದದ್ದು ಗಿರಾಕಿಗಳ ಪೆನ್‌ಡ್ರೈವ್ ಕಾಟಕ್ಕೆ. ಫೋಟೊ ಜೊತೆಗೆ ಊರಿನ ವೈರಸ್ಸೆಲ್ಲ ಬರುತ್ತಿತ್ತು. ಸಂಜೆಯೊಳಗೆ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ ಕೂತಿರುತ್ತಿದ್ದವು. ಇಂಜಿನಿಯರಿಂಗ್ ಓದುವ ಸೋದರಳಿಯ ಉಪಾಯ ಹೇಳಿದ: “ಮಾಮ, ಲಿನಕ್ಸ್ ಹಾಕು. ಅದರ ಒಳಗ ವಿಂಡೋಸ್ ಇಡೋಣ. ಕೆಟ್ಟರೆ ಅಳಿಸಿ ನಿನ್ನೆಯದು ವಾಪಸ್ ತರೋದು.”

ಈ ಉಪಾಯ ನಮ್ಮಿಬ್ಬರಿಗಿಂತ ಹಳೆಯದು. ಕಂಪ್ಯೂಟರಿಗೆ ಬಂಗಾರದ ಬೆಲೆಯಿದ್ದ ಕಾಲದಲ್ಲಿ, ಅಮೆರಿಕದ ಕೇಂಬ್ರಿಜ್‌ನ ಐಬಿಎಂ ಕೇಂದ್ರದಲ್ಲಿ ಸಿಪಿ-40 ಎಂಬುದನ್ನು ಕಟ್ಟಿದರು. 1967ರಲ್ಲಿ ಕೆಲಸಕ್ಕಿಳಿದ ಅದು ಒಂದೇ ಯಂತ್ರವನ್ನು ಹದಿನಾಲ್ಕಾಗಿ ತೋರಿಸುತ್ತಿತ್ತು. ಪ್ರತಿಯೊಬ್ಬನಿಗೂ ತನ್ನದೇ ಮೆಮೊರಿ, ತನ್ನದೇ ಕಾರ್ಡ್ ರೀಡರ್, ತನ್ನದೇ ಪ್ರಿಂಟರ್, ಎಲ್ಲ ಬರೀ ತೋರಿಕೆಗೆ. 1972ರಲ್ಲಿ ಅದೇ ವಂಶದ ವಿಎಂ/370 ಮಾರಾಟಕ್ಕೆ ಬಂತು. ನಮ್ಮ ಮೇಜಿನ ಮೇಲಿನ ಇಂಟೆಲ್ ಚಿಪ್ಪುಗಳಿಗೆ ಈ ವಿದ್ಯೆಗೆ ಬೇಕಾದ ನೆರವು ಸೇರಿದ್ದು 2005ರಲ್ಲಿ. ತೋರಿಕೆಯ ಯಂತ್ರ ನಡೆಸುವ ಕೆವಿಎಂ ಲಿನಕ್ಸಿನ ಕರ್ನಲ್ಲಿನೊಳಗೆ ಬಂದು ಕೂತದ್ದು 2007ರಲ್ಲಿ.

ಕಾರ್ಡಿನ ಕೆಲಸಕ್ಕೆ ತೋರಿಕೆಯ ಯಂತ್ರ ಸಾಕಾಯಿತು. ಮದುವೆ ವಿಡಿಯೊ ಮಿಕ್ಸಿಂಗಿಗೆ ಸಾಲಲಿಲ್ಲ. ತೋರಿಕೆಯ ಡಿಸ್‌ಪ್ಲೇ ಕಾರ್ಡಿನಲ್ಲಿ ಮಾಂಗಲ್ಯಧಾರಣೆಯ ಹೊತ್ತಿಗೆ ಸರಿಯಾಗಿ ಅಕ್ಷತೆ ಗಾಳಿಯಲ್ಲೇ ನಿಂತುಬಿಡುತ್ತಿತ್ತು. ಅಸಲಿ ಗ್ರಾಫಿಕ್ಸ್ ಕಾರ್ಡನ್ನೇ ವಿಂಡೋಸಿನ ಕೈಗೆ ಕೊಡಬೇಕು ಅಂದ ಅಳಿಯ. ಅದಕ್ಕೆ ಪಾಸ್‌ತ್ರೂ ಅನ್ನುತ್ತಾರೆ.

ಕೊಡುವುದು ಸುಲಭವಲ್ಲ. ಗ್ರಾಫಿಕ್ಸ್ ಕಾರ್ಡ್ ಪ್ರೊಸೆಸರನ್ನು ಕೇಳದೆ ನೇರ ಮೆಮೊರಿಗೆ ಕೈ ಹಾಕುವ ಜಾತಿ. ಬಾಡಿಗೆದಾರನ ಕೈಗೆ ಕೊಟ್ಟರೆ ಮಾಲೀಕನ ಕಪಾಟಿಗೂ ಕೈ ಹಾಕಬಹುದು. ಹಾಗಾಗದಂತೆ ಕಾವಲು ನಿಲ್ಲುವುದು ಐಓಎಂಎಂಯು ಎಂಬ ಭಾಗ. ಬಯಾಸಿನಲ್ಲಿ ಅದನ್ನು ವಿಟಿ-ಡಿ ಎಂಬ ಹೆಸರಿನಲ್ಲಿ ಹುಡುಕಿ ಆನ್ ಮಾಡಬೇಕು. ಅದು ಸಾಧನಗಳನ್ನು ಗುಂಪು ಗುಂಪಾಗಿ ಕಾಯುತ್ತದೆ, ಕೊಟ್ಟರೆ ಗುಂಪನ್ನೇ ಕೊಡಬೇಕು. ಎರಡು ಪೋರ್ಷನ್ನಿಗೆ ಒಂದೇ ಕರೆಂಟ್ ಮೀಟರ್ ಇದ್ದ ಹಾಗೆ. ಕಾರ್ಡಿನ ಬೆನ್ನಿಗಂಟಿದ ಎಚ್‌ಡಿಎಂಐ ಆಡಿಯೊ ಕೂಡ ಜೊತೆಗೇ ಹೋಗಬೇಕು. ಲಿನಕ್ಸ್ ಬೆಳಗ್ಗೆ ಎದ್ದು ತನ್ನ ಡ್ರೈವರನ್ನು ಕಾರ್ಡಿಗೆ ಹಚ್ಚುವ ಮೊದಲೇ ವಿಎಫ್ಐಓ ಎಂಬ ಡ್ರೈವರ್ ಅದನ್ನು ಹಿಡಿದಿಟ್ಟುಕೊಳ್ಳಬೇಕು. 2012ರಿಂದ ಕರ್ನಲ್ಲಿನಲ್ಲಿರುವ ಈ ವಿಎಫ್ಐಓ ನನ್ನ ಲೆಕ್ಕದಲ್ಲಿ ಇಡೀ ಕಥೆಯ ನಿಜವಾದ ನಾಯಕ. ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ. ಲಿನಕ್ಸಿಗೆ ಪ್ರೊಸೆಸರಿನೊಳಗಿನ ಸಣ್ಣ ಗ್ರಾಫಿಕ್ಸೇ ಗತಿ. ಪಾಪ, ಅದು ಅದರಲ್ಲೇ ಸುಖವಾಗಿದೆ.

ಎನ್ವಿಡಿಯಾದ ಜೀಫೋರ್ಸ್ ಕಾರ್ಡುಗಳು ಬಹುಕಾಲ ಇದಕ್ಕೆ ಒಪ್ಪಿರಲಿಲ್ಲ. ತಾನಿರುವುದು ತೋರಿಕೆಯ ಯಂತ್ರದಲ್ಲಿ ಎಂದು ಗೊತ್ತಾದ ಕೂಡಲೇ ಡ್ರೈವರ್ ‘ಕೋಡ್ 43’ ಎಂದು ಮುಷ್ಕರ ಹೂಡುತ್ತಿತ್ತು. ಅದೇ ಕಂಪನಿಯ ದುಬಾರಿ ಕ್ವಾಡ್ರೋ ಕಾರ್ಡಿಗೆ ಮಾತ್ರ ಅನುಮತಿ. ಜನ ಬಿಟ್ಟಾರೆಯೇ? ಇದು ಅಸಲಿ ಕಂಪ್ಯೂಟರೇ ಎಂದು ಕೆವಿಎಂ ಕೈಯಲ್ಲಿ ಸುಳ್ಳು ಹೇಳಿಸಿ ನಡೆಸಿದರು. 2021ರಲ್ಲಿ ಕಂಪನಿಯೇ ಒಪ್ಪಿಕೊಂಡಿತು. ನಾವು ಕೈ ಹಾಕುವ ಹೊತ್ತಿಗೆ ಆ ಸುಳ್ಳಿನ ಅಗತ್ಯ ಇರಲಿಲ್ಲ. ಅಳಿಯನಿಗೆ ಅದೇ ಬೇಜಾರು.

ಈಗ ಒಂದೇ ಮಾನಿಟರಿಗೆ ಎರಡು ವೈರು. ಕೆಳಗಿನ ಬಟನ್ ಒತ್ತಿದರೆ ಲಿನಕ್ಸ್ ಹೋಗಿ ವಿಂಡೋಸ್ ಬರುತ್ತದೆ. “ಎರಡು ಕಂಪ್ಯೂಟರ್ ಇಟ್ಟೀರೇನ್ರಿ? ಇನ್ನೊಂದು ಎಲ್ಲೈತಿ?” ಎಂದು ಕುರುಗೋಡಿನ ಗಿರಾಕಿಯೊಬ್ಬರು ಮೇಜಿನ ಕೆಳಗೆ ಬಗ್ಗಿ ನೋಡಿದರು. ಇಂಟರ್‌ನೆಟ್ಟನ್ನು ವಿಂಡೋಸಿಗೆ ಕೊಟ್ಟೇ ಇಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು ಎಂದು ಬಜಾರೆಲ್ಲ ತಲೆ ಕೆಡಿಸಿಕೊಂಡಾಗ ನಮ್ಮ ಬಾಡಿಗೆದಾರನಿಗೆ ಸುದ್ದಿಯೇ ಮುಟ್ಟಲಿಲ್ಲ. ಮುಟ್ಟುವುದು ಬಿಸಿಲು ಒಂದೇ. ಮೇ ತಿಂಗಳ ಬಳ್ಳಾರಿಯಲ್ಲಿ ಕಾರ್ಡಿನ ಫ್ಯಾನ್ ಕೂಗುವುದು ರಸ್ತೆಗೆ ಕೇಳುತ್ತದೆ.

ಹೊಸ ಕರ್ನಲ್ ಬಂದಿದೆ, ಹಾಕಲೇನು ಎಂದು ಅಳಿಯ ನಿನ್ನೆ ಫೋನ್ ಮಾಡಿದ್ದ. ಜ್ಯೇಷ್ಠದ ಮುಹೂರ್ತಗಳು ಮುಗಿಯಲಿ, ಆಷಾಢದಲ್ಲಿ ಬಾ ಅಂದಿದ್ದೇನೆ.