ಅಳತೆಯಲ್ಲಿಯೂ ಸತ್ಯ

ಅಣುವ್ರತಗಳ ಪ್ರವಚನವನ್ನು ಕೇಳುವಾಗ ನಮ್ಮಲ್ಲಿ ಅನೇಕರು ಅವು ವ್ಯಾಪಾರಿಯ ತಕ್ಕಡಿಗೋ ನ್ಯಾಯಾಲಯದ ಸಾಕ್ಷ್ಯಕ್ಕೋ ಸಂಬಂಧಿಸಿದವೆಂದು ಭಾವಿಸುತ್ತೇವೆ. ನಾನೂ ಹಾಗೆಯೇ ಭಾವಿಸಿದ್ದೆ. ಕೆ. ಹೊಸಕೋಟೆಯ ಆಟದ ಬಯಲಿನಲ್ಲಿ ಹದಿಮೂರು ವರ್ಷದ ಬಾಲಕಿಯೊಬ್ಬಳು ನನ್ನ ಈ ತಿಳಿವಳಿಕೆಯನ್ನು ತಿದ್ದಿದಳು.

ಆಲೂರು ತಾಲ್ಲೂಕಿನ ಈ ಊರಿನ ಮಕ್ಕಳಿಗೆ ನಾನು ಬೆಳಗಿನ ಹೊತ್ತು ವ್ಯಾಯಾಮವನ್ನೂ ಓಟವನ್ನೂ ಕಲಿಸುತ್ತೇನೆ. ಮಂಜಿನಲ್ಲಿ ನಡುಗುವ ಮಕ್ಕಳ ಮೈ ಬಿಸಿಯೇರುವವರೆಗೆ ಇತಿಹಾಸದ ಒಂದು ಸಂಗತಿಯನ್ನೋ ಎಳೆಯ ಕ್ರೀಡಾಪಟುಗಳ ಸಾಧನೆಯನ್ನೋ ಹೇಳುವುದು ನನ್ನ ರೂಢಿ. ಟಿಪ್ಪು ಸುಲ್ತಾನನು 1792ರಲ್ಲಿ ಕಟ್ಟಿಸಿದ ಮಂಜರಾಬಾದ್ ಕೋಟೆಗೆ ನಕ್ಷತ್ರದಂತೆ ಎಂಟು ಕೋನಗಳಿರುವುದನ್ನು ಹೇಳುತ್ತೇನೆ. 2021ರಲ್ಲಿ ನೈರೋಬಿಯಲ್ಲಿ ನಡೆದ 20 ವರ್ಷದೊಳಗಿನವರ ವಿಶ್ವ ಅಥ್ಲೆಟಿಕ್ಸ್‌ನಲ್ಲಿ ಕಂಚಿನ ಪದಕ ಗೆದ್ದ ಭಾರತದ ಮಿಶ್ರ ರಿಲೇ ತಂಡದಲ್ಲಿ ನಮ್ಮ ಕರ್ನಾಟಕದ ಪ್ರಿಯಾ ಮೋಹನ್ ಓಡಿದ್ದರೆಂದು ಹೇಳುವಾಗ ಹೆಣ್ಣುಮಕ್ಕಳ ಮುಖ ಅರಳುತ್ತದೆ.

ಒಂದು ದಿನ ಮ್ಯಾರಥಾನ್ ಓಟದ ಕಥೆ ಹೇಳಿದೆ. ಗ್ರೀಕ್ ದೂತನು ರಣರಂಗದಿಂದ ಅಥೆನ್ಸ್‌ವರೆಗೆ 42.195 ಕಿಲೋಮೀಟರ್ ಓಡಿ, ಜಯದ ವಾರ್ತೆ ತಿಳಿಸಿ ಪ್ರಾಣ ಬಿಟ್ಟನೆಂದು ವರ್ಣಿಸಿದೆ. ಮರುವಾರ ಆ ಬಾಲಕಿ ಪುಸ್ತಕವೊಂದನ್ನು ಹಿಡಿದು ಬಂದಳು. ಇತಿಹಾಸಕಾರ ಹೆರೊಡೋಟಸ್ ಹೇಳುವ ದೂತನು ಯುದ್ಧಕ್ಕೆ ಮೊದಲು ನೆರವು ಕೇಳಲು ಅಥೆನ್ಸ್‌ನಿಂದ ಸ್ಪಾರ್ಟಾಕ್ಕೆ ಓಡಿದವನು. ಪ್ರಾಣಬಿಟ್ಟ ಓಟಗಾರನ ಕಥೆ ಶತಮಾನಗಳ ಅನಂತರದ ಬರಹಗಳಲ್ಲಿ ಬರುತ್ತದೆ. 42.195 ಎಂಬ ದೂರವಾದರೋ 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮೊದಲು ಬಳಕೆಗೆ ಬಂದದ್ದು. "ಓಡುವುದಕ್ಕೆ ಹುರುಪು ಬಂದರೆ ಸಾಕಲ್ಲವೇನಮ್ಮಾ?" ಎಂದು ನಾನು ನಕ್ಕುಬಿಟ್ಟೆ.

ಅದೇ ಹುರುಪಿನ ಹೆಸರಿನಲ್ಲಿ ನಾನು ಇನ್ನೊಂದು ಕೆಲಸವನ್ನೂ ಮಾಡಿದ್ದೆ. ಕೈಗಡಿಯಾರದಿಂದ ಅಳೆದ ಓಟದ ಕಾಲವನ್ನು ಮುಂದಿನ ಹತ್ತನೆಯ ಅಂಶಕ್ಕೆ ಏರಿಸಿ ಬರೆಯಬೇಕೆಂಬುದು ಕ್ರೀಡಾನಿಯಮ. ಆಕೆ 100 ಮೀಟರನ್ನು 14.63 ಸೆಕೆಂಡಿನಲ್ಲಿ ಓಡಿದಾಗ 14.7 ಎಂದು ಬರೆಯಬೇಕಿತ್ತು. ನಾನು 14.3 ಎಂದು ಹೇಳಿ ಬೆನ್ನು ತಟ್ಟಿದೆ. ಜಿಲ್ಲಾ ಕ್ರೀಡಾಕೂಟದಲ್ಲಿ ಆಕೆ 14.8ರಲ್ಲಿ ಗುರಿ ಮುಟ್ಟಿ, ಮೊದಲ ಸುತ್ತಿನಲ್ಲಿಯೇ ಹೊರಬಿದ್ದಳು. ತನ್ನ ಕಾಲುಗಳೇ ಸೋತುಹೋದವೆಂದು ನಂಬಿ ಬಯಲಿಗೆ ಬರುವುದನ್ನು ನಿಲ್ಲಿಸಿದಳು.

ಹತ್ತು ದಿನ ಕಳೆದ ಮೇಲೆ ಅವರ ಮನೆಗೆ ಹೋಗಿ, ತಂದೆತಾಯಿಯರ ಎದುರಿನಲ್ಲಿಯೇ ನಡೆದುದನ್ನು ಒಪ್ಪಿಕೊಂಡೆ. ಆಕೆ ಕೋಪಿಸಲಿಲ್ಲ. "ಹಾಗಾದರೆ ಸಾರ್, ನನ್ನ ಟೈಮ್ ಕೂಡ ಆ ಮ್ಯಾರಥಾನ್ ಕಥೆಯ ಹಾಗೆಯೇ?" ಎಂದಳು. ಉತ್ತರ ಕೊಡಲು ನನಗೆ ನಾಲಗೆ ಏಳಲಿಲ್ಲ.

ಆ ರಾತ್ರಿ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ತೆರೆದು ಕುಳಿತೆ. ಉಮಾಸ್ವಾಮಿ ಆಚಾರ್ಯರು ಸತ್ಯವ್ರತದ ಅತಿಚಾರಗಳಲ್ಲಿ ಮೊದಲಿಗೆ ಎಣಿಸಿರುವುದು ಮಿಥ್ಯೋಪದೇಶವನ್ನು. ಅಚೌರ್ಯವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನ, ಅಂದರೆ ಅಳತೆಯಲ್ಲಿ ಹೆಚ್ಚು ಕಡಿಮೆ ಮಾಡುವುದು, ಸೇರಿದೆ. ಪ್ರೀತಿಯಿಂದ ಮಾಡಿದೆನೆಂಬ ಸಮಾಧಾನ ನನಗಿತ್ತು. ಆದರೆ ನಾನು ಕದ್ದದ್ದು ಸೆಕೆಂಡಿನ ಒಂದು ಅಂಶವನ್ನಷ್ಟೇ ಅಲ್ಲ, ತನ್ನ ಶಕ್ತಿ ಎಷ್ಟೆಂದು ಅರಿಯುವ ಆ ಮಗುವಿನ ಹಕ್ಕನ್ನು.

ನಮ್ಮ ಜಿಲ್ಲೆಯ ಶ್ರವಣಬೆಳಗೊಳದಲ್ಲಿ ನಿಂತಿರುವ ಸ್ವಾಮಿಯ ಕಥೆ ನಮ್ಮ ಮನೆಗಳ ಮಕ್ಕಳಿಗೆಲ್ಲ ಗೊತ್ತು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳೆಂದು ಅಣ್ಣತಮ್ಮಂದಿರು ಒಪ್ಪಿಕೊಂಡಿದ್ದರು. ಮೂರರಲ್ಲಿಯೂ ಸೋತ ಭರತನು ಆ ಫಲವನ್ನು ಒಪ್ಪದೆ ಚಕ್ರವನ್ನು ಪ್ರಯೋಗಿಸಿದನು. ಬಾಹುಬಲಿಯಾದರೋ ಕೈಗೆ ಬಂದ ಗೆಲುವನ್ನೇ ತೊರೆದು ತಪಸ್ಸಿಗೆ ನಿಂತನು. ಕಣದಲ್ಲಿ ಬಂದ ಫಲವನ್ನು ಇದ್ದಂತೆ ಒಪ್ಪುವುದೇ ಕ್ರೀಡೆಯ ಧರ್ಮ. ನಾನೂ ಆ ದಿನ ಅದನ್ನು ಒಪ್ಪದವರ ಸಾಲಿನಲ್ಲಿ ನಿಂತಿದ್ದೆ.

ಈಗಲೂ ಬೆಳಗ್ಗೆ ಕಥೆ ಹೇಳುತ್ತೇನೆ. ಐತಿಹ್ಯವಾದರೆ ಐತಿಹ್ಯವೆಂದೇ ಹೇಳುತ್ತೇನೆ. ಮಂಜನ್ನು ಕಂಡು ಟಿಪ್ಪು ಕೋಟೆಗೆ ಮಂಜರಾಬಾದ್ ಎಂದು ಹೆಸರಿಟ್ಟನೆಂಬುದನ್ನು "ಜನ ಹೀಗೆನ್ನುತ್ತಾರೆ" ಎಂದು ಸೇರಿಸಿಯೇ ಹೇಳುತ್ತೇನೆ. ಮಕ್ಕಳ ಉತ್ಸಾಹ ಅದರಿಂದ ಕುಂದಿಲ್ಲ. ಆ ಬಾಲಕಿಯೂ ಮರಳಿ ಬಂದಿದ್ದಾಳೆ. ಓಟ ಮುಗಿದೊಡನೆ ಏದುಸಿರಿನಲ್ಲಿಯೇ ನನ್ನ ಬಳಿಗೆ ಬಂದು, ಗಡಿಯಾರವನ್ನು ತಾನೇ ನೋಡಿ, ಅಂಕಿಯನ್ನು ತನ್ನ ಕೈಯಿಂದಲೇ ಪುಸ್ತಕದಲ್ಲಿ ಬರೆಯುತ್ತಾಳೆ. ನಾನು ಅದರ ಕೆಳಗೆ ಸಹಿ ಹಾಕುತ್ತೇನೆ.