ಅಟ್ಟ ಸೇರಿದ ಬ್ಯಾಟು

ಸೋದರಿಯರೇ, ನಿಮ್ಮ ಮನೆಯಲ್ಲೂ ಒಂಬತ್ತನೇ ಕ್ಲಾಸಿನ ಗಂಡುಹುಡುಗ ಇದ್ದರೆ ನನ್ನ ಮಾತು ನಿಮಗೆ ಬೇಗ ಅರ್ಥವಾದೀತು. ಹೋದ ವರ್ಷ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನಮ್ಮ ಮಗ ಗಣಿತಕ್ಕೆ ನೂರಕ್ಕೆ ಮೂವತ್ತೆಂಟು ತಂದ. ಅದೇ ವಾರ ಅವನ ಶಾಲೆಯ ಕ್ರಿಕೆಟ್ ತಂಡದ ಪಟ್ಟಿಯೂ ಬಂತು. ಹನ್ನೊಂದು ಜನರಲ್ಲಿ ಇವನ ಹೆಸರಿಲ್ಲ, ಹನ್ನೆರಡನೆಯವನು. ನನಗೆ ಸಿಟ್ಟು ನೆತ್ತಿಗೇರಿತು. "ಅತ್ತ ಪಾಠವೂ ಇಲ್ಲ, ಇತ್ತ ಆಟವೂ ಇಲ್ಲ" ಎಂದು ಬೈದು ಬ್ಯಾಟನ್ನು ಹಳೇ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿಬಿಟ್ಟೆ. ಹುಡುಗ ಅಳಲಿಲ್ಲ, ಜಗಳವಾಡಲೂ ಇಲ್ಲ. ಮಾತು ಕಡಿಮೆ ಮಾಡಿದ, ಅಷ್ಟೆ. ಅವನಿಗೆ ಪ್ರಾಣವಾದ ಅಕ್ಕಿರೊಟ್ಟಿ ಮಾಡಿಟ್ಟರೂ ಒಂದು ತಿಂದು ಎದ್ದುಹೋಗುತ್ತಿದ್ದ.

ನಮ್ಮ ಯಜಮಾನರು ಬೆಂಗಳೂರಿನ ಮ್ಯೂಸಿಯಂ ರಸ್ತೆಯಲ್ಲಿರುವ ಸೇಂಟ್ ಜೋಸೆಫ್ಸ್ ಬಾಯ್ಸ್ ಹೈಸ್ಕೂಲಿನಲ್ಲಿ ಓದಿದವರು. ನನ್ನನ್ನು ನೋಡಲು ಬಂದ ದಿನವೇ ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು "ದ್ರಾವಿಡ್ ಓದಿದ ಶಾಲೆ" ಎಂದು ನಮ್ಮ ತಂದೆಗೆ ಹೇಳಿದ್ದರು. ಆ ಶಾಲೆಯ ಪುರಾಣ ಕೇಳಿ ಕೇಳಿ ನನಗೂ ಬಾಯಿಪಾಠವಾಗಿದೆ, ಕೇಳಿ.

ಬೆಂಗಳೂರು ದಂಡು ಪ್ರದೇಶ ಬ್ರಿಟಿಷರ ಕೈಯಲ್ಲಿದ್ದ ಕಾಲ. 1858ರಲ್ಲಿ ಫ್ರೆಂಚ್ ಪಾದ್ರಿಗಳು ಈ ಶಾಲೆ ಹುಟ್ಟುಹಾಕಿದರು. ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಘಕ್ಕೆ ಸೇರಿದವರು ಅವರು. ಆಗ ಮ್ಯೂಸಿಯಂ ರಸ್ತೆಯದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳ ಶಾಲೆ. 1904ರಲ್ಲಿ ನಮ್ಮ ಮಕ್ಕಳಿಗಾಗಿ ಸೇಂಟ್ ಜೋಸೆಫ್ಸ್ ಇಂಡಿಯನ್ ಹೈಸ್ಕೂಲ್ ಬೇರೆಯಾಗಿ ಶುರುವಾಯಿತು. 1937ರಲ್ಲಿ ಫ್ರೆಂಚರು ಈ ಸಂಸ್ಥೆಗಳನ್ನು ಜೆಸ್ಯೂಟ್ ಪಾದ್ರಿಗಳಿಗೆ ವಹಿಸಿಕೊಟ್ಟರು. ಸ್ವಾತಂತ್ರ್ಯ ಬಂದ ಮೇಲೆ ಎಲ್ಲ ಜಾತಿಮತದ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂತರು. ಶಾಲೆಯ ಧ್ಯೇಯವಾಕ್ಯ ಲ್ಯಾಟಿನ್ ಭಾಷೆಯದು: 'ಫಿದೆ ಎತ್ ಲಬೋರೆ'. ನಂಬಿಕೆಯಿಂದ, ದುಡಿಮೆಯಿಂದ ಎಂದು ಅರ್ಥವಂತೆ.

ಆಟದ ಮಾತು ಬಂದರಂತೂ ಇವರಿಗೆ ಊಟ ಬೇಡ. ಹಾಕಿ, ಫುಟ್‌ಬಾಲು, ಕ್ರಿಕೆಟ್ಟು ಎಲ್ಲವೂ ದಂಡಿನ ಸೋಲ್ಜರುಗಳ ಮೈದಾನದಿಂದ ಶಾಲೆಯ ಮೈದಾನಕ್ಕೆ ಬಂದವು. 1865ರಲ್ಲಿ ಶುರುವಾದ ಬಿಷಪ್ ಕಾಟನ್ ಶಾಲೆಯೇ ಇವರಿಗೆ ಹಳೆಯ ಎದುರಾಳಿ. ಅದು ಪ್ರಾಟೆಸ್ಟೆಂಟರದು, ಇದು ಕ್ಯಾಥೊಲಿಕ್ಕರದು. ಎರಡಕ್ಕೂ ನಡುವೆ ನಡೆದುಹೋಗುವಷ್ಟೇ ದೂರ. ಕಾಟನಿಯನ್ ಶೀಲ್ಡ್ ಪಂದ್ಯ ಬಂತೆಂದರೆ ಹುಡುಗರಿಗೆ ಪರೀಕ್ಷೆಯೂ ನೆನಪಿರುತ್ತಿರಲಿಲ್ಲವಂತೆ.

ಇನ್ನು ದ್ರಾವಿಡ್. ಇವರು ಚಿಕ್ಕ ತರಗತಿಯಲ್ಲಿದ್ದಾಗ ಅವರು ದೊಡ್ಡ ತರಗತಿ. ತಂದೆ ಜಾಮ್ ಮಾಡುವ ಕಿಸಾನ್ ಕಂಪನಿಯಲ್ಲಿದ್ದರೆಂದು ಸ್ನೇಹಿತರು ಇಟ್ಟ ಅಡ್ಡಹೆಸರು 'ಜ್ಯಾಮಿ'. ತಾಯಿ ಪುಷ್ಪಾ ಅವರು ಯುವಿಸಿಇ ಕಾಲೇಜಿನಲ್ಲಿ ವಾಸ್ತುಶಿಲ್ಪ ಕಲಿಸುತ್ತಿದ್ದ ಪ್ರಾಧ್ಯಾಪಕಿ. ಮಗ ಆಡಿದ, ಓದನ್ನೂ ಬಿಡಲಿಲ್ಲ. ಸೇಂಟ್ ಜೋಸೆಫ್ಸ್ ಕಾಮರ್ಸ್ ಕಾಲೇಜಿನಲ್ಲಿ ಪದವಿ ಪಡೆದ. ಆಮೇಲಿನದು ನಿಮಗೆ ಗೊತ್ತೇ ಇದೆ. 1996ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ಮೊದಲ ಟೆಸ್ಟಿನಲ್ಲೇ 95 ರನ್. 2012ರಲ್ಲಿ ನಿವೃತ್ತರಾಗುವಾಗ 164 ಟೆಸ್ಟುಗಳು, 13,288 ರನ್. ಅಷ್ಟು ಮಾಡಲು ಮೂವತ್ತೊಂದು ಸಾವಿರಕ್ಕೂ ಮೇಲ್ಪಟ್ಟು ಚೆಂಡುಗಳನ್ನು ಎದುರಿಸಿದರು. ನಮ್ಮ ತಾಳ್ಮೆ ಒಂದು ಸೇರು ಹಾಲು ಉಕ್ಕುವ ತನಕ ಇರುವುದಿಲ್ಲ!

ಬ್ಯಾಟು ಅಟ್ಟ ಸೇರಿ ಎಂಟು ದಿನವಾಗಿತ್ತು. ರಾತ್ರಿ ಯಜಮಾನರು ಮಗನ ಪರವಾಗಿ ಮತ್ತೆ ಅದೇ ಪುರಾಣ ತೆಗೆದರು. ನಾನು ಹುರುಳಿಕಾಯಿ ನಾರು ತೆಗೆಯುತ್ತ ಕೂತಿದ್ದವಳು ರೇಗಿ ಕೇಳಿದೆ: "ನೂರೈವತ್ತು ವರ್ಷಕ್ಕೂ ಹಳೆಯ ಶಾಲೆ ಅಂತೀರಿ. ಎಷ್ಟು ಜನ ದ್ರಾವಿಡ್ ಬಂದರು ಹೇಳಿ ನೋಡೋಣ."

"ಒಬ್ಬರೇ. ಮಿಕ್ಕವರೆಲ್ಲ ನನ್ನಂಥವರು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ನಾನು ಟೀಮಿನಲ್ಲಿ ಆಡಲೇ ಇಲ್ಲ ಕಣೇ. ಎರಡು ವರ್ಷವೂ ಹನ್ನೆರಡನೆಯವನೇ. ನೀರು ಕೊಡೋದು, ಪ್ಯಾಡ್ ಕಟ್ಟೋದು, ಸ್ಕೋರ್ ಬರೆಯೋದು" ಎಂದರು.

ಇಷ್ಟು ವರ್ಷ ಸಂಸಾರ ಮಾಡಿದ್ದೇನೆ, ಈ ಮಾತು ನನಗೆ ಗೊತ್ತಿರಲಿಲ್ಲ. "ಹಾಗಿದ್ದರೆ ಏನು ಸಿಕ್ಕಿತು ನಿಮಗೆ?" ಎಂದೆ.

"2020 ಮರೆತುಬಿಟ್ಟೆಯಾ?" ಎಂದರು.

ಮರೆಯುವುದುಂಟೇ? ಕೊರೋನಾ ಕಾಲದಲ್ಲಿ ಇವರ ಕೆಲಸ ಹೋಯಿತು. ಐದು ತಿಂಗಳು ಸಂಬಳವಿಲ್ಲ. ನನ್ನ ಬಳೆ ಅಡವಿಡುವ ಮಾತು ನಡೆದಿತ್ತು. ಆಗ ಒಬ್ಬರು ಸ್ಕೂಟರಿನ ಮೇಲೆ ಅಕ್ಕಿ ಮೂಟೆ, ಬೇಳೆ, ಎಣ್ಣೆ ತಂದು ಬಾಗಿಲಲ್ಲಿಟ್ಟು, ಒಳಗೂ ಬಾರದೆ ಹೋದರು. ಇನ್ನೊಬ್ಬರು ಮಗನ ಶಾಲೆಯ ಫೀಜು ಕಟ್ಟಿದರು. ಮತ್ತೊಬ್ಬರು ತಮ್ಮ ಅಂಗಡಿಯ ಲೆಕ್ಕ ಬರೆಯುವ ಕೆಲಸ ಕೊಟ್ಟರು. ಇವತ್ತಿಗೂ ನಮ್ಮ ಮನೆಯ ಒಲೆ ಉರಿಯುತ್ತಿರುವುದು ಅದರಿಂದಲೇ. ಯಾರೆಂದು ಕೇಳಿದಾಗ ಇವರು "ಸ್ಕೂಲ್ ಫ್ರೆಂಡ್ಸು" ಎಂದಷ್ಟೇ ಹೇಳಿದ್ದರು.

"ಅವರೆಲ್ಲ ಆ ಟೀಮಿನವರೇ. ನಾನು ನೀರು ಕೊಟ್ಟವರು" ಎಂದರು ಆ ರಾತ್ರಿ.

ನನ್ನ ಕೈಯಲ್ಲಿದ್ದ ಹುರುಳಿಕಾಯಿ ಹಾಗೇ ನಿಂತಿತು. ನಾನು ಮಗನ ಆಟವನ್ನು ಲಾಭ ನಷ್ಟದ ಲೆಕ್ಕದಲ್ಲಿ ನೋಡುತ್ತಿದ್ದೆ: ಹೆಸರು ಬರುತ್ತದೆಯೇ, ಸೀಟು ಸಿಗುತ್ತದೆಯೇ ಎಂದು. ಆಡುವವರ ಜೊತೆ ಬಿಸಿಲಲ್ಲಿ ನಿಂತವನಿಗೂ ಏನೋ ಸಿಗುತ್ತದೆ ಎಂದು ಹೊಳೆದಿರಲಿಲ್ಲ.

ಮರುದಿನ ಏಣಿ ಹಾಕಿ ನಾನೇ ಬ್ಯಾಟು ಇಳಿಸಿದೆ. ಹಾಗೆಂದು ಗಣಿತವನ್ನು ಬಿಟ್ಟಿಲ್ಲ. ಬೆಳಗ್ಗೆ ಐದೂವರೆಗೆ ಎಬ್ಬಿಸಿ ಒಂದು ಗಂಟೆ ಲೆಕ್ಕ, ಸಂಜೆ ಆಟ ಎಂದು ಕರಾರು ಮಾಡಿಕೊಂಡೆವು. ವಾರ್ಷಿಕ ಪರೀಕ್ಷೆಯಲ್ಲಿ ಐವತ್ತೇಳು ಬಂತು. ಬಹಳವೇನಲ್ಲ, ಆದರೆ ಮಾತಾಡುತ್ತಾನೆ, ರೊಟ್ಟಿ ನಾಲ್ಕು ತಿನ್ನುತ್ತಾನೆ.

ಈ ವರ್ಷವೂ ಅವನು ಹನ್ನೆರಡನೆಯವನೇ. ಪಂದ್ಯದ ದಿನ ದೊಡ್ಡ ಜಗ್ಗಿನಲ್ಲಿ ನಿಂಬೆಹಣ್ಣಿನ ಪಾನಕ ಮಾಡಿ, ಚಿಟಿಕೆ ಉಪ್ಪು ಹಾಕಿ, ಹನ್ನೆರಡು ಲೋಟದ ಜೊತೆ ಕಳಿಸುತ್ತೇನೆ. ನೀವೂ ಒಮ್ಮೆ ನಿಮ್ಮ ಮನೆಯ ಅಟ್ಟ ನೋಡಿಬಿಡಿ.